ಕಿವಿ ಕಟ್ಟಿದೆಯಾ? ಮೊದಲು ಅಳೆಸಿ, ಬಲೂನಿನ ಮಾತು ಆಮೇಲೆ

ಬೆಂಗಳೂರಿನ ಯಾವುದೇ ಇಎನ್‌ಟಿ ಕ್ಲಿನಿಕ್ಕಿನ ಹೊರಗೆ ಅರ್ಧ ಗಂಟೆ ಕೂತರೆ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ: "ಕಿವಿ ಕಟ್ಟಿಬಿಟ್ಟಿದೆ." ಒಬ್ಬರಿಗೆ ನೆಗಡಿ ಹೋಗಿ ಎರಡು ವಾರವಾಗಿದೆ, ಕಿವಿ ಮಾತ್ರ ಬಿಟ್ಟಿಲ್ಲ. ಇನ್ನೊಬ್ಬರು ವಿಮಾನ ಇಳಿದು ನಾಲ್ಕು ದಿನವಾಗಿದೆ, ಎಂಜಲು ನುಂಗಿದಾಗಲೆಲ್ಲ ಒಳಗೆ ಟಪ್ ಟಪ್ ಅನ್ನುತ್ತದೆ. ಪಕ್ಕದಲ್ಲಿ ಕೂತ ಅಮ್ಮನಿಗೆ ಬೇರೆ ಚಿಂತೆ: ಮಗ ಟೀವಿ ಸೌಂಡ್ ಜಾಸ್ತಿ ಇಡುತ್ತಾನೆ, ಕರೆದರೆ ತಿರುಗುವುದಿಲ್ಲ.

ಇಷ್ಟು ದಿನ ಇದಕ್ಕೆಲ್ಲ ಮೂಗಿಗೊಂದು ಸ್ಪ್ರೇ, ಒಂದು ಅಲರ್ಜಿ ಮಾತ್ರೆ, "ಸ್ವಲ್ಪ ದಿನ ನೋಡೋಣ" ಅನ್ನುವ ಮಾತು ಸಿಗುತ್ತಿತ್ತು. ಈಗ ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಬಲೂನ್ ಚಿಕಿತ್ಸೆಯೂ ಸಿಗುತ್ತಿದೆ. ಮೂಗಿನ ಮೂಲಕ ಪುಟ್ಟ ಬಲೂನು ತೂರಿಸಿ, ಕಿವಿಯ ಗಾಳಿ ನಾಳವನ್ನು ಹಿಗ್ಗಿಸುತ್ತಾರೆ. ಹೃದಯದ ಆಂಜಿಯೋಪ್ಲಾಸ್ಟಿ ಗೊತ್ತಿರುವ ನಮ್ಮ ಜನಕ್ಕೆ ಇದು ಬೇಗ ಅರ್ಥವಾಗುತ್ತದೆ, ಬೇಗ ಒಪ್ಪಿಗೆಯೂ ಆಗುತ್ತದೆ. ನನಗೆ ಚಿಂತೆ ಇರುವುದು ಅಲ್ಲೇ. ಕಿವಿ ಕಟ್ಟಿದ ಹಾಗೆ ಅನ್ನಿಸಲು ಕಾರಣ ಹಲವಾರು. ನಾಳ ಮುಚ್ಚಿರುವುದು ಅದರಲ್ಲಿ ಒಂದು ಮಾತ್ರ. ಯಾವುದು ಅಂತ ಅಳೆದು ನೋಡದೆ ಕೊಡುವ ಸ್ಪ್ರೇ ಆಗಲಿ, ಮಾತ್ರೆ ಆಗಲಿ, ಬಲೂನು ಆಗಲಿ ಬರೀ ಊಹೆ. ಅಳೆಯುವ ಪರೀಕ್ಷೆಗೆ ಐದು ನಿಮಿಷ ಸಾಕು. ಎಷ್ಟೋ ಸಲ ಅದೇ ತಪ್ಪಿಹೋಗುತ್ತದೆ.

ಮೊದಲು ನಾಳದ ವಿಷಯ ನೋಡೋಣ. ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅದು ಮಧ್ಯಕಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ, ಅಂದರೆ ಗಂಟಲು ಶುರುವಾಗುವ ಜಾಗಕ್ಕೆ, ಒಂದು ನಾಳ ಇಳಿದುಬರುತ್ತದೆ. ದೊಡ್ಡವರಲ್ಲಿ ಉದ್ದ ಮೂರೂವರೆ ಸೆಂಟಿಮೀಟರಿನ ಆಸುಪಾಸು. ಕಿವಿಯ ಕಡೆಯ ಮೂರನೇ ಒಂದು ಭಾಗ ಮೂಳೆ, ಉಳಿದದ್ದು ಮೃದ್ವಸ್ಥಿ. 16ನೇ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ಬಾರ್ತೊಲೊಮಿಯೊ ಯೂಸ್ಟೇಚಿಯ ಹೆಸರಿನಿಂದ ಇದಕ್ಕೆ ಯೂಸ್ಟೇಷಿಯನ್ ನಾಳ ಅನ್ನುತ್ತಾರೆ.

ಈ ನಾಳ ಸದಾ ತೆರೆದಿರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅದು ಮುಚ್ಚಿರುವುದೇ ಸರಿಯಾದ ಸ್ಥಿತಿ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲೇ ಒಂದಿಷ್ಟು ಗಾಳಿ ಒಳಗೆ ಹೋಗಬೇಕು. ಯಾಕೆಂದರೆ ಮಧ್ಯಕಿವಿಯ ಒಳಪದರ ಅಲ್ಲಿರುವ ಗಾಳಿಯನ್ನು ನಿಧಾನವಾಗಿ ಹೀರುತ್ತಲೇ ಇರುತ್ತದೆ. ನೆಗಡಿಯಿಂದಲೋ ಅಲರ್ಜಿಯಿಂದಲೋ ನಾಳದ ಬಾಯಿ ಊದಿಕೊಂಡರೆ ಹೊಸ ಗಾಳಿ ಬರುವುದಿಲ್ಲ, ಹೀರುವುದು ಮಾತ್ರ ನಿಲ್ಲುವುದಿಲ್ಲ. ಒಳಗಿನ ಒತ್ತಡ ಇಳಿಯುತ್ತದೆ. ಬಿಸಿ ಸಾರು ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿ ತಣ್ಣಗಾದ ಮೇಲೆ ಮುಚ್ಚಳ ಹೇಗೆ ಕಚ್ಚಿಕೊಂಡು ಕೂರುತ್ತದೋ, ತಮಟೆ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸರಿಯಾಗಿ ಅದುರುವುದಿಲ್ಲ, ಶಬ್ದ ಮಂಕಾಗುತ್ತದೆ. ಇದೇ ಸ್ಥಿತಿ ವಾರಗಟ್ಟಲೆ ಉಳಿದರೆ ಒಳಪದರದಿಂದ ನೀರು ಜಿನುಗಿ ಅಲ್ಲೇ ನಿಲ್ಲುತ್ತದೆ. ವರ್ಷಗಟ್ಟಲೆ ಉಳಿದರೆ ತಮಟೆ ತೆಳುವಾಗಿ, ಒಳಗೆ ಕುಸಿದು, ಅಲ್ಲಿ ಚರ್ಮ ಸೇರಿಕೊಂಡು ಮೂಳೆ ತಿನ್ನುವ ಕಾಯಿಲೆಯೂ ಶುರುವಾಗಬಹುದು. ಅಲ್ಲಿಗೆ ಹೋಗುವವರು ಕಡಿಮೆ, ಆದರೆ ಇದ್ದಾರೆ.

ಬೆಂಗಳೂರಿನವರಿಗೆ ಈ ಒತ್ತಡದ ಲೆಕ್ಕ ಮೈಮೇಲೇ ಗೊತ್ತಾಗುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ಅಂದರೆ ಪಾದರಸದ ಲೆಕ್ಕದಲ್ಲಿ 80 ಮಿಲಿಮೀಟರ್ ಆಸುಪಾಸು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಈ ವ್ಯತ್ಯಾಸದ ಹೆಚ್ಚುಪಾಲು ಒಂದು ಗಂಟೆಯೊಳಗೆ ಕಿವಿಯ ಮೇಲೆ ಬೀಳುತ್ತದೆ. ಬಸ್ಸಿನಲ್ಲಿ ನಿದ್ದೆ ಹೋದವರು ಗುಂಡ್ಯದ ಹತ್ತಿರ ಎದ್ದಾಗ ಪಕ್ಕದವರ ಮಾತು ದೂರದಿಂದ ಬಂದಂತೆ ಕೇಳುವುದು ಇದಕ್ಕೇ. ನಿದ್ದೆಯಲ್ಲಿ ನುಂಗುವುದು ಕಡಿಮೆ.

ಹತ್ತುವಾಗ ಇಷ್ಟು ತೊಂದರೆ ಇಲ್ಲ. ಒಳಗಿನ ಗಾಳಿ ಹಿಗ್ಗಿ ತಾನಾಗಿ ನಾಳ ತಳ್ಳಿಕೊಂಡು ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ನಾಳದ ಮೆತ್ತನೆಯ ಭಾಗವನ್ನು ಇನ್ನೂ ಒತ್ತಿ ಮುಚ್ಚುತ್ತದೆ, ನಾವೇ ಪ್ರಯತ್ನಪಟ್ಟು ತೆರೆಯಬೇಕು. ವ್ಯತ್ಯಾಸ 90 ಮಿಲಿಮೀಟರ್ ಹತ್ತಿರ ಹೋದರೆ ಸ್ನಾಯುವಿನ ಶಕ್ತಿಯೂ ಸಾಲದು. ಆಗ ಎಷ್ಟು ನುಂಗಿದರೂ ಬಿಡುವುದಿಲ್ಲ.

ವಿಮಾನದಲ್ಲಿ ಇದು ಇನ್ನೂ ಜೋರು. ಕ್ಯಾಬಿನ್ ಒಳಗಿನ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಂದ ದೇವನಹಳ್ಳಿಯಲ್ಲಿ ಇಳಿದರೆ ಸುಮಾರು 115 ಮಿಲಿಮೀಟರ್ ವ್ಯತ್ಯಾಸ. ಚೆನ್ನೈನಲ್ಲೋ ಮುಂಬೈನಲ್ಲೋ ಇಳಿದರೆ 190 ದಾಟುತ್ತದೆ. "ಹೋಗುವಾಗ ಕಿವಿ ಕಟ್ಟಿತ್ತು, ವಾಪಸ್ ಬರುವಾಗ ಏನೂ ಆಗಲಿಲ್ಲ" ಅಂತ ಬೆಂಗಳೂರಿನವರು ಹೇಳುವುದಕ್ಕೆ ಇದೂ ಒಂದು ಕಾರಣ. ವಿಮಾನಪುರದಲ್ಲಿ 1957ರಿಂದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಪೈಲಟ್‌ಗಳನ್ನು ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ ಎತ್ತರಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಅಂತ ನೋಡುವ ಜಾಗ. ಜೋರು ನೆಗಡಿ ಇದ್ದರೆ ಹಾರಬೇಡ ಅನ್ನುವುದು ವೈಮಾನಿಕರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ನಾವು ಮಾತ್ರ ನೆಗಡಿಯಲ್ಲೇ ಬೋರ್ಡಿಂಗ್ ಪಾಸ್ ತಗೊಳ್ಳುತ್ತೇವೆ. ತಪ್ಪಿಸಲು ಆಗದಿದ್ದರೆ ವಿಮಾನ ಇಳಿಯಲು ಶುರುಮಾಡುವ ಅರ್ಧ ಗಂಟೆ ಮುಂಚೆ ಮೂಗು ಬಿಡಿಸುವ ಸ್ಪ್ರೇ ಹಾಕಿಕೊಳ್ಳಿ. ಇಳಿಯುವಾಗ ಎಚ್ಚರವಾಗಿದ್ದು ಪೆಪ್ಪರ್‌ಮಿಂಟ್ ಚಪ್ಪರಿಸಿ. ಕೂಸಿಗೆ ಆ ಹೊತ್ತಿಗೆ ಸರಿಯಾಗಿ ಹಾಲು ಕೊಡಿ.

ವಿಮಾನ, ಘಾಟಿ ಬಿಡಿ. ಮನೆಯಲ್ಲೇ ಇದ್ದವರಿಗೂ ಯಾಕೆ ಕಟ್ಟುತ್ತದೆ? ಬಹುಪಾಲು ಮೂಗಿನಿಂದ. ಅಗೆದ ರಸ್ತೆ, ಮೆಟ್ರೋ ಕಾಮಗಾರಿಯ ಧೂಳು, ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ, ಮೋಡ ಕವಿದ ತಂಪು ದಿನಗಳಲ್ಲಿ ಗೋಡೆ ಹಿಡಿಯುವ ಬೂಷ್ಟು, ಹಾಸಿಗೆಯ ಧೂಳು ಹುಳ. ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು ಬರುವವರ ಮೂಗಿನ ಒಳಪದರ ಊದಿರುತ್ತದೆ. ನಾಳದ ಬಾಯಿ ಅದೇ ಪದರದ ಮುಂದುವರಿಕೆ. ಮೂಗು ಸರಿಯಾಗದೆ ಕಿವಿ ಸರಿಯಾಗುವುದಿಲ್ಲ. ಸಿಗರೇಟು ಸೇದುವವರಿಗೆ, ಸೇದುವವರ ಮನೆಯ ಮಕ್ಕಳಿಗೆ ಇದು ಜಾಸ್ತಿ. ಹೊಟ್ಟೆಯ ಆಸಿಡ್ ಗಂಟಲವರೆಗೆ ಬರುವವರಲ್ಲೂ ಕಾಣಿಸುತ್ತದೆ.

ಈಗ ನಾಳಕ್ಕೆ ಸಂಬಂಧವೇ ಇಲ್ಲದ ಕಾರಣಗಳಿಗೆ ಬರೋಣ. ಕುಗ್ಗೆ ತುಂಬಿದ್ದರೂ ಕಿವಿ ಕಟ್ಟುತ್ತದೆ, ಅದು ಒಂದು ನೋಟಕ್ಕೆ ಗೊತ್ತಾಗುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ದವಡೆ ಕೀಲಿನ ನೋವು ಕಿವಿಯೊಳಗಿನ ಬಿಗಿತದ ಹಾಗೆ ಅನ್ನಿಸುತ್ತದೆ. ಕಿವಿ ಪರೀಕ್ಷೆ ಎಲ್ಲ ಸರಿಯಿದ್ದೂ "ಕಟ್ಟಿದೆ" ಅನ್ನುವವರಲ್ಲಿ ಇವರು ತುಂಬ ಜನ. ಇನ್ನು ಕೆಲವರಲ್ಲಿ ಕಥೆ ಪೂರ್ತಿ ಉಲ್ಟಾ: ನಾಳ ಮುಚ್ಚುವುದೇ ಇಲ್ಲ. ತಮ್ಮದೇ ಮಾತು, ಉಸಿರು ಕಿವಿಯೊಳಗೆ ಜೋರಾಗಿ ಕೇಳುತ್ತದೆ. ಮಲಗಿದರೆ ಆರಾಮ. ಬೇಗ ತೂಕ ಇಳಿಸಿದವರಲ್ಲಿ, ಗರ್ಭಿಣಿಯರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇವರಿಗೆ ಮೂಗು ಬಿಡಿಸುವ ಸ್ಪ್ರೇ ಕೊಟ್ಟರೆ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ. ನಾಳ ಹಿಗ್ಗಿಸುವ ಬಲೂನಂತೂ ಇವರಿಗೆ ಬೇಡವೇ ಬೇಡ.

ಎರಡು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಮೊದಲನೆಯದು: ಒಂದೇ ಕಿವಿ, ಇದ್ದಕ್ಕಿದ್ದ ಹಾಗೆ, ರಾತ್ರಿ ಬೆಳಗಾಗುವಷ್ಟರಲ್ಲಿ ಕೇಳಿಸದಂತಾದರೆ, ಜೊತೆಗೆ ಗುಂಯ್ ಅನ್ನುವ ಸದ್ದೋ ತಲೆಸುತ್ತೋ ಇದ್ದರೆ, ಅದು ಒಳಕಿವಿಯ ನರದ ತೊಂದರೆ ಇರಬಹುದು. ಅದೂ ಶುರುವಿನಲ್ಲಿ "ಕಟ್ಟಿದ" ಹಾಗೇ ಅನ್ನಿಸುತ್ತದೆ. ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಎರಡು ವಾರ ದಾಟಿದರೆ ಪ್ರಯೋಜನದ ಆಸೆ ಬಹಳ ಕಡಿಮೆ. ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಬಾಯಿ ಮುಚ್ಚಿ "ಹ್ಮ್‌ಮ್" ಅಂತ ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಕುಗ್ಗೆ, ನೀರು, ನಾಳದ ಕಡೆ ಅನುಮಾನ. ಚೆನ್ನಾಗಿರುವ ಕಿವಿಯ ಕಡೆ ವಾಲಿದರೆ ನರದ ಕಡೆ ಅನುಮಾನ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಗುನುಗಿ ನೋಡಿ ಸುಮ್ನೆ ಕೂರುವುದಕ್ಕಲ್ಲ ಇದು. ಹಠಾತ್ತಾಗಿ ಕೇಳಿಸದಾದರೆ ಸುಳಿವು ಏನೇ ಇದ್ದರೂ ಶ್ರವಣ ಪರೀಕ್ಷೆ ಆಗಲೇಬೇಕು.

ಎರಡನೆಯದು: ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ತುಂಬಿ ವಾಸಿಯಾಗದಿದ್ದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ ನೋಡಲೇಬೇಕು. ನಾಳದ ಬಾಯಿಯ ಪಕ್ಕದಲ್ಲಿ ಗಡ್ಡೆ ಬೆಳೆದು ಮುಚ್ಚಿರುವುದು ಅಪರೂಪವಾದರೂ ಉಂಟು. ಆ ಜಾಗದ ಕ್ಯಾನ್ಸರ್ ನಾಗಾಲ್ಯಾಂಡ್, ಮಣಿಪುರದ ಕಡೆ ದೇಶದ ಉಳಿದ ಭಾಗಕ್ಕಿಂತ ಜಾಸ್ತಿ. ಆ ರಾಜ್ಯಗಳಿಂದ ಬಂದು ಈ ಊರಿನಲ್ಲಿ ಬದುಕು ಕಟ್ಟಿಕೊಂಡವರು ತುಂಬ ಜನ ಇದ್ದಾರೆ. ಅವರಿಗೆ ಈ ಪರೀಕ್ಷೆ ತಪ್ಪಬಾರದು.

ಹಾಗಾದರೆ ಅಳೆಯುವುದು ಹೇಗೆ? ಪರೀಕ್ಷೆಯ ಹೆಸರು ಟಿಂಪನೋಮೆಟ್ರಿ. ಕಿವಿ ದ್ವಾರಕ್ಕೆ ಮೆತ್ತನೆಯ ರಬ್ಬರ್ ತುದಿಯನ್ನು ಗಾಳಿಯಾಡದಂತೆ ಕೂರಿಸುತ್ತಾರೆ. ಒಳಗಿನಿಂದ ಸಣ್ಣ ಗುನುಗು ಕೇಳುತ್ತದೆ. ಯಂತ್ರ ಗಾಳಿಯ ಒತ್ತಡವನ್ನು ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುತ್ತದೆ. ಕಿವಿ ಒಂದು ಕ್ಷಣ ತುಂಬಿದ ಹಾಗೆ ಅನ್ನಿಸುತ್ತದೆ, ನೋವಿಲ್ಲ. ಕಾಗದದ ಮೇಲೆ ಒಂದು ಗೆರೆ ಬರುತ್ತದೆ. ಗೆರೆಯ ಗುಡ್ಡ ಸೊನ್ನೆಯ ಹತ್ತಿರ ಎದ್ದಿದ್ದರೆ ಎ ಟೈಪ್, ಒತ್ತಡ ಸರಿಯಿದೆ. ಗುಡ್ಡ ಎಡಕ್ಕೆ ಸರಿದಿದ್ದರೆ ಸಿ ಟೈಪ್, ಒಳಗೆ ಒತ್ತಡ ಕಡಿಮೆಯಾಗಿದೆ. ಗುಡ್ಡವೇ ಇಲ್ಲದೆ ಗೆರೆ ಚಪ್ಪಟೆಯಾಗಿದ್ದರೆ ಬಿ ಟೈಪ್. ಅಂದರೆ ತಮಟೆಯ ಹಿಂದೆ ನೀರಿರಬಹುದು, ಇಲ್ಲವೇ ತಮಟೆಯಲ್ಲಿ ತೂತಿರಬಹುದು. ಇದರ ಜೊತೆ ಶ್ರವಣ ಪರೀಕ್ಷೆ ಮಾಡಿಸಿದರೆ ಮುಕ್ಕಾಲು ಗೊಂದಲ ತೀರುತ್ತದೆ. ವಿಕ್ಟೋರಿಯಾ, ಬೌರಿಂಗ್ ಥರದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗ ಇದೆ. ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯ ಕೆಲಸವೇ ಇದು. ಗೆರೆ ಬರೆದ ಆ ಕಾಗದವನ್ನು ಕೇಳಿ ತಗೊಳ್ಳಿ, ಜೋಪಾನ ಮಾಡಿ. ಮೂರು ತಿಂಗಳ ನಂತರ ಹೋಲಿಸಿ ನೋಡಲು ಅದೇ ಬೇಕು.

ಚಿಕಿತ್ಸೆಯ ವಿಷಯದಲ್ಲಿ ಮೊದಲ ಸತ್ಯ ಸ್ವಲ್ಪ ಸಪ್ಪೆ. ನೆಗಡಿಯಿಂದ ಕಟ್ಟಿದ ಕಿವಿ ಹೆಚ್ಚಿನವರಲ್ಲಿ ಕೆಲವು ದಿನ, ಇಲ್ಲವೇ ಕೆಲವು ವಾರದಲ್ಲಿ ತಾನಾಗಿ ಬಿಡುತ್ತದೆ. ಮೂಗು ಹಿಡಿದು ಊದುವುದನ್ನು 1704ರಲ್ಲಿ ಇಟಲಿಯ ವಲ್ಸಾಲ್ವ ವಿವರಿಸಿದ. ಇವತ್ತಿಗೂ ಅದು ಕೆಲಸ ಮಾಡುತ್ತದೆ, ಮೆಲ್ಲಗೆ ಮಾಡಿದರೆ. ಕೆನ್ನೆ ಕೆಂಪಾಗುವಷ್ಟು ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು ಬೀಳಬಹುದು. ಮೂಗು ಹಿಡಿದು ಗುಟುಕು ನೀರು ನುಂಗುವುದು ಇದಕ್ಕಿಂತ ಸುರಕ್ಷಿತ.

ಮೂಗು ಬಿಡಿಸುವ ಸ್ಪ್ರೇ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಅಂತ ಪುಟ್ಟ ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಐದು ನಿಮಿಷದಲ್ಲಿ ಮೂಗು ಬಿಡುತ್ತದೆ. ಮೂರರಿಂದ ಐದು ದಿನ, ಅಷ್ಟೇ. ಅದಕ್ಕಿಂತ ಹೆಚ್ಚು ಬಳಸಿದರೆ ಔಷಧಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಮತ್ತೆ ಹಾಕಿಕೊಳ್ಳಬೇಕಾಗುತ್ತದೆ. ದಿಂಬಿನ ಪಕ್ಕ ಬಾಟಲಿ ಇಟ್ಟುಕೊಂಡು ವರ್ಷಗಟ್ಟಲೆ ಇದೇ ಸುತ್ತಿನಲ್ಲಿ ಸಿಕ್ಕಿಕೊಂಡವರಿದ್ದಾರೆ.

ಸ್ಟೀರಾಯ್ಡ್ ಇರುವ ಅಲರ್ಜಿ ಸ್ಪ್ರೇ ಬೇರೆ. ಅದು ನಿಧಾನ, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಸೀನು, ಮೂಗು ಕಟ್ಟುವುದು ಇರುವವರಿಗೆ ನಿಜಕ್ಕೂ ಒಳ್ಳೆಯದು. ಅಲರ್ಜಿಯೇ ಇಲ್ಲದವರ ನಾಳವನ್ನು ಇದು ತೆರೆಯುತ್ತದೆ ಅನ್ನುವುದಕ್ಕೆ ಆಧಾರ ಮಾತ್ರ ತೀರಾ ತೆಳು. ಹಾಕುವ ರೀತಿಯೂ ಮುಖ್ಯ. ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಹೊರಗಡೆ ಕಿವಿಯ ದಿಕ್ಕಿಗೆ ಇರಲಿ. ಜೋರಾಗಿ ಒಳಗೆಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ, ದುಡ್ಡು ದಂಡ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ಇನ್ನೂ ಇದೆ. ತಮಟೆ ಅಡ್ಡ ಇರುವಾಗ ಎಣ್ಣೆ ನಾಳ ಮುಟ್ಟುವುದೇ ಇಲ್ಲ. ತಮಟೆ ತೂತಾಗಿದ್ದರೆ ಮುಟ್ಟುತ್ತದೆ, ಆಗ ಸೋಂಕು ಗ್ಯಾರಂಟಿ ಅಂತಲೇ ಅಂದುಕೊಳ್ಳಿ. ಬೇಡ.

ಮಕ್ಕಳದ್ದು ಬೇರೆಯೇ ಲೆಕ್ಕ. ಅವರ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತದೆ. ಏಳು ವರ್ಷದ ಹೊತ್ತಿಗೆ ದೊಡ್ಡವರ ಆಕಾರಕ್ಕೆ ಬರುತ್ತದೆ. ಹಾಗಾಗಿ ಚಿಕ್ಕ ಮಕ್ಕಳ ಕಿವಿಯಲ್ಲಿ ನೀರು ನಿಲ್ಲುವುದು ತುಂಬ ಸಾಮಾನ್ಯ. ನೋವಿಲ್ಲ, ಜ್ವರವಿಲ್ಲ, ಮಗುವಿಗೆ ಹೇಳಲೂ ಗೊತ್ತಾಗುವುದಿಲ್ಲ. ಯುಕೆಜಿ ಟೀಚರ್ "ಗಮನ ಕೊಡಲ್ಲ" ಅಂತ ಡೈರಿಯಲ್ಲಿ ಬರೆದು ಕಳಿಸುತ್ತಾರೆ, ಮನೆಯಲ್ಲಿ ಬೈಗುಳ ಬೀಳುತ್ತದೆ. ಪಾಪ, ಮಗುವಿಗೆ ಕೇಳಿಸಿರುವುದೇ ಇಲ್ಲ. ಅಂಥ ಮಗುವನ್ನು ಬೈಯುವ ಮುಂಚೆ ಒಂದು ಸಲ ಕಿವಿ ಪರೀಕ್ಷೆ ಮಾಡಿಸಿ.

ಚಪ್ಪಟೆ ಗೆರೆ ಬಂತು ಅಂದ ಕೂಡಲೇ ಆಪರೇಷನ್ ಬೇಡ. ಅಮೆರಿಕದ ಇಎನ್‌ಟಿ ವೈದ್ಯರ 2016ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಮಾತು ಕಲಿಕೆಗೆ ಬೇರೆ ತೊಂದರೆ ಇಲ್ಲದ ಮಗುವಾದರೆ ಮೂರು ತಿಂಗಳು ಕಾಯಿರಿ, ಈ ನೀರಿಗೆ ಅಂತ ಆಂಟಿಬಯೋಟಿಕ್, ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಕೊಡಬೇಡಿ. ನಮ್ಮಲ್ಲಿ ಈ ಮೂರನ್ನೂ ಒಟ್ಟಿಗೆ ಬರೆದ ಚೀಟಿಗಳು ಈಗಲೂ ಕಾಣುತ್ತವೆ. ಕಾಯುವ ಹೊತ್ತಿನಲ್ಲಿ ಮೂಗಿನಿಂದ ಬಲೂನು ಊದುವ ಆಟ ಮಾಡಿಸಬಹುದು. ಇದಕ್ಕೆಂದೇ ಮೂಗಿಗೆ ಕೂರುವ ತುದಿಯಿರುವ ಬಲೂನು ಸಿಗುತ್ತದೆ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 320 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ತಿಂಗಳಿಗೆ ಊದಿದವರಲ್ಲಿ ಶೇ 47ರಷ್ಟು ಮಕ್ಕಳ ಗೆರೆ ಸರಿಹೋಗಿತ್ತು, ಊದದವರಲ್ಲಿ ಶೇ 36ರಷ್ಟು. ದೊಡ್ಡ ಅಂತರವಲ್ಲ, ಆದರೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಮೂರು ತಿಂಗಳಾದರೂ ನೀರು ಹೋಗದೆ, ಕೇಳಿಸುವುದೂ ಕಡಿಮೆ ಇದ್ದರೆ ಗ್ರೋಮೆಟ್ ಹಾಕುತ್ತಾರೆ. ತಮಟೆಯಲ್ಲಿ ಕೂರುವ ಪುಟಾಣಿ ಕೊಳವೆ ಅದು. ಹೆಚ್ಚಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಉದುರುತ್ತದೆ. ಬಾಯಲ್ಲೇ ಉಸಿರಾಡುವ, ಗೊರಕೆ ಹೊಡೆಯುವ ಮಗುವಾದರೆ ಜೊತೆಗೆ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ನಾಳದ ಬಾಯಿಯ ಹತ್ತಿರ ಇರುವ ಟಾನ್ಸಿಲ್ ಥರದ ಅಂಗಾಂಶ, ತೆಗೆಯುವ ಮಾತೂ ಬರುತ್ತದೆ.

ಕೊನೆಗೆ ಬಲೂನ್ ಚಿಕಿತ್ಸೆ. ಮನುಷ್ಯರ ಮೇಲಿನ ಮೊದಲ ವರದಿಗಳು 2010ರಲ್ಲಿ ಜರ್ಮನಿಯಿಂದ ಬಂದವು. ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಎಂಡೋಸ್ಕೋಪ್ ನೋಡಿಕೊಂಡು ಮೂಗಿನ ಹಿಂದಿನಿಂದ ನಾಳದ ಮೃದ್ವಸ್ಥಿ ಭಾಗಕ್ಕೆ ಬಲೂನು ತೂರಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಬಲೂನು ಉಬ್ಬಿದಾಗ 6 ಮಿಲಿಮೀಟರ್ ಅಗಲ. ಎರಡು ನಿಮಿಷ ಉಬ್ಬಿಸಿ ಇಡುತ್ತಾರೆ, ಇಳಿಸಿ ತೆಗೆಯುತ್ತಾರೆ. ಒಳಗೆ ಏನೂ ಉಳಿಯುವುದಿಲ್ಲ. ಊದಿಕೊಂಡ ಒಳಪದರ ಜಜ್ಜಿಹೋಗಿ ಹೊಸದಾಗಿ, ತೆಳುವಾಗಿ ಬೆಳೆಯುತ್ತದೆ ಅನ್ನುವುದು ಇದರ ತರ್ಕ.

2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಔಷಧಿಗೆ ಬಗ್ಗದ ದೊಡ್ಡವರನ್ನು ತಗೊಂಡಿದ್ದರು. ಆರು ವಾರಕ್ಕೆ ಬಲೂನು ಮತ್ತು ಸ್ಟೀರಾಯ್ಡ್ ಸ್ಪ್ರೇ ಎರಡೂ ಆದವರಲ್ಲಿ ಶೇ 52ರಷ್ಟು ಜನರ ಟಿಂಪನೋಮೆಟ್ರಿ ಸರಿಹೋಯಿತು, ಬರೀ ಸ್ಪ್ರೇ ಹಾಕಿದವರಲ್ಲಿ ಶೇ 14ರಷ್ಟು. ಇದು ಒಳ್ಳೆಯ ಫಲಿತಾಂಶವೇ. ಎರಡು ಸಂಗತಿ ಮಾತ್ರ ಮರೆಯಬಾರದು. ಅರ್ಧದಷ್ಟು ಜನಕ್ಕೆ ಸರಿಹೋಗಲಿಲ್ಲ. ಮತ್ತು ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದೇ ಗೆರೆ ಕೆಟ್ಟಿದ್ದವರನ್ನು. ಗೆರೆ ಸರಿಯಿದ್ದೂ "ಕಟ್ಟಿದ ಹಾಗಿದೆ" ಅನ್ನುವ ದವಡೆ ನೋವಿನವರಿಗೆ ಈ ಅಂಕಿ ಅನ್ವಯಿಸುವುದಿಲ್ಲ. ಅವರಿಗೆ ಬೇಕಿರುವುದು ದಂತವೈದ್ಯರು.

ಬಲೂನು ಒಮ್ಮೆ ಬಳಸಿ ಬಿಸಾಡುವ ಸಾಧನ, ಬಿಲ್ ದೊಡ್ಡದು. ಹಾಗಾಗಿ ಯಾರಾದರೂ ಸಲಹೆ ಕೊಟ್ಟರೆ ನೇರವಾಗಿ ಕೇಳಿ: ನನ್ನ ಟಿಂಪನೋಮೆಟ್ರಿ ಯಾವ ಟೈಪ್? ಎಷ್ಟು ತಿಂಗಳಿಂದ ಹಾಗಿದೆ? ನಾಳದ ಬಾಯಿಯನ್ನು ಎಂಡೋಸ್ಕೋಪಿನಲ್ಲಿ ನೋಡಿದ್ದೀರಾ? ಅಲರ್ಜಿಗೆ ಚಿಕಿತ್ಸೆ ಪೂರ್ತಿ ಆಗಿದೆಯಾ? ಅದರ ಬದಲು ತಮಟೆಗೆ ಗ್ರೋಮೆಟ್ ಹಾಕಿದರೆ ಸಾಲದೇ? ಮೂರು ತಿಂಗಳು ದಾಟಿದೆ, ಗೆರೆ ಚಪ್ಪಟೆಯಾಗಿದೆ ಅಥವಾ ಎಡಕ್ಕೆ ಸರಿದಿದೆ, ಮೂಗಿನ ಚಿಕಿತ್ಸೆ ಸರಿಯಾಗಿ ಆಗಿದೆ, ಪ್ರತಿ ಸಲ ವಿಮಾನ ಇಳಿಯುವಾಗ ಜೀವ ಹೋಗುವಷ್ಟು ನೋವು ಅನ್ನುವವರಿಗೆ ಇದನ್ನು ಯೋಚಿಸುವುದರಲ್ಲಿ ಅರ್ಥವಿದೆ. ಡಾಕ್ಟರು ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಆಪರೇಷನ್ ದಿನಾಂಕ ಮಾತ್ರ ಕೊಟ್ಟರೆ, ಕಾಗದ ತಗೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಒಂದೆರಡು ವಾರ ತಡವಾದರೆ ಈ ನಾಳಕ್ಕೆ ಏನೂ ಕೆಡುವುದಿಲ್ಲ.